ಇಪ್ಪತ್ತೆಂಟು ದಿನದ ಸಾಹೇಬರು

ಖಾಲಿ ಜಾಗದಲ್ಲಿ ತಾತ್ಕಾಲಿಕ ಡೇರೆಗೆ ಇಪ್ಪತ್ತೆಂಟು ದಿನದ ಪರವಾನಗಿ ಕೊಡುವ ಈ ಸಾಹೇಬರು ನಕ್ಕದ್ದನ್ನು ಕಂಡವರಿಲ್ಲ. ಗೂಟ ಬೆರಳಷ್ಟು ಸರಿದರೂ ಟೇಪು ಹಿಡಿದು ಮಂಡಿಯೂರುತ್ತಾರೆ. "ಇಪ್ಪತ್ತೆಂಟು ದಿನ ಅಂದ್ರೆ ಇಪ್ಪತ್ತೆಂಟೇ" ಎನ್ನುವುದು ಬಾಯಿಪಾಠ. ಬೀಗರು ಉಳಿಯಲು ಬಂದರೂ ಹೊರಡುವ ತಾರೀಖು ಕೇಳುತ್ತಾರಂತೆ. ಇಂದು ಹೊಲಿಗೆಯಕ್ಕನ ಡೇರೆಗೆ ಕೊನೆಯ ದಿನ. "ಇನ್ನೊಂದೇ ದಿನ ಬಿಡಿ ಸಾರ್, ಮದುವೆ ಬಟ್ಟೆ ಅರ್ಧಕ್ಕೆ ನಿಂತಿದೆ" ಎಂದು ಆಕೆ ಅಂಗಲಾಚಿದಳು. ಸಾಹೇಬರ ಮುಖ ಬಿಳಿಚಿಕೊಂಡಿತು. ಹಿಂದೊಮ್ಮೆ ಗಡಿಯಾರ ರಿಪೇರಿಯವನಿಗೆ ಹೀಗೆಯೇ ಕರಗಿ ಒಂದು ದಿನ ಬಿಟ್ಟಿದ್ದರು. ಮರುದಿನ ಬೆಳಿಗ್ಗೆ ಅವಧಿ ಮುಗಿದ ಡೇರೆಗಳ ತೆರವಿಗೆ ಬಂದ ಬುಲ್ಡೋಜರ್ ಅವನ ಡೇರೆಯನ್ನು ಸಾಮಾನುಸಮೇತ ನೆಲಸಮ ಮಾಡಿತ್ತು. "ನಾಳೆ ಬುಲ್ಡೋಜರ್ ಬರುತ್ತಮ್ಮ, ಅದಕ್ಕೆ ಕಿವಿ ಇಲ್ಲ. ಏಳಿ" ಎಂದವರೇ ಅಂಗಿಯ ತೋಳು ಮಡಚಿ ಹೊಲಿಗೆ ಯಂತ್ರದ ಒಂದು ಬದಿಯನ್ನು ಎತ್ತಿ ಹಿಡಿದರು. "ಎಲ್ಲಿಗೆ ಸಾರ್?" "ನಮ್ಮನೆ ವರಾಂಡಕ್ಕೆ. ಬಟ್ಟೆ ಮುಗಿಯೋವರೆಗೂ ಅಲ್ಲೇ ಹೊಲೀರಿ."