ಎರಡು ಪಿಎಚ್‌ಡಿ ಸೀಟು, ಒಂದು ಪುಕ್ಕಲು ಜೀವ

ನಾನು ಪುಕ್ಕಲು. ದೇವದುರ್ಗದ ಹೈಸ್ಕೂಲಿನಲ್ಲಿ ಮಕ್ಕಳು ನನಗೆ ಹೆದರುತ್ತಾರೆ, ನಿಜ. ಆದರೆ ತಪಾಸಣೆಗೆ ಯಾರಾದರೂ ಬಂದರೆ ನನ್ನ ಕೈಯಲ್ಲಿರುವ ಚಾಕ್‌ಪೀಸ್ ಮುರಿದೇ ಮುರಿಯುತ್ತದೆ. ಇಂಥವಳಿಗೆ ಶಿಕ್ಷಣಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಲು ಎರಡು ಕಡೆ ಅವಕಾಶ ಬಂತು. ಒಂದೇ ಬಂದಿದ್ದರೆ ಅದೊಂದೇ ಭಯ. ಎರಡು ಬಂದದ್ದರಿಂದ, ಯಾವುದನ್ನು ಬಿಟ್ಟರೂ ಕೆಟ್ಟೆ ಎಂಬ ಇನ್ನೊಂದು ಭಯ ಸೇರಿ ಊಟವೇ ಸೇರದಾಯಿತು.

ನನ್ನ ವಿಷಯ ಮಾತ್ರ ಗಟ್ಟಿಯಾಗಿತ್ತು. ಅರಕೇರಾ ಕಡೆಯ ಮಕ್ಕಳು ಅಪ್ಪ ಅವ್ವನ ಜೊತೆ ದುಡಿಯಲು ಗುಳೆ ಹೋಗುತ್ತಾರೆ. ತಿಂಗಳುಗಟ್ಟಲೆ ಆದ ಮೇಲೆ ತರಗತಿಗೆ ಬಂದು, ಬೀಗರ ಮನೆಗೆ ಬಂದವರಂತೆ ಬೆಂಚಿನ ತುದಿಯಲ್ಲಿ ಕೂರುತ್ತಾರೆ. ಹಾಗೆ ಬಂದ ರೇಣುಕಾ ಒಂದು ದಿನ ಕೇಳಿದಳು: “ಟೀಚರ್, ನನ್ ಹೆಸ್ರು ಇನ್ನಾ ಅದ ಏನ್ರಿ?” ಹಾಜರಿ ಪುಸ್ತಕದಲ್ಲಿ ಹೆಸರು ಇತ್ತು. ಆದರೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮರಳಿ ಬಂದ ಮಗುವನ್ನು ಶಾಲೆ ಹೇಗೆ ಬರಮಾಡಿಕೊಳ್ಳುತ್ತದೆ? ಇದನ್ನೇ ಓದಬೇಕು ಅನ್ನಿಸಿತು.

ಮೊದಲ ಅವಕಾಶ ನಮ್ಮ ಕಡೆಯ ವಿಶ್ವವಿದ್ಯಾಲಯದ್ದು. ನೌಕರಿ ಬಿಡಬೇಕಿಲ್ಲ, ಮಾನ್ವಿಯಲ್ಲಿರುವ ಅವ್ವನನ್ನೂ ಬಿಡಬೇಕಿಲ್ಲ. ಮಾರ್ಗದರ್ಶಕರನ್ನು ಕಾಣಲು ರಾಯಚೂರಿನ ಅವರ ಮನೆಗೆ ಹೋದೆ. ಬಾಗಿಲು ತೆರೆದವರು ಅವರ ಸಂಶೋಧನಾ ವಿದ್ಯಾರ್ಥಿ ಶೇಖರಪ್ಪ. ತಲೆ ನೆರೆತಿತ್ತು, ಕೈಯಲ್ಲಿ ತರಕಾರಿ ಚೀಲವಿತ್ತು. ಚಹಾ ತಂದುಕೊಟ್ಟವರೂ ಅವರೇ.

ನನ್ನ ವಿಷಯ ಕೇಳಿ ಪ್ರೊಫೆಸರರು ನಕ್ಕರು. “ಗುಳೆ ಹೋದ ಹುಡುಗ್ರನ್ನ ಎಲ್ಲಿ ಹುಡುಕ್ಕೋತ ಅಡ್ಡಾಡ್ತೀಯವ್ವಾ? ಬಿ.ಎಡ್. ಹುಡುಗ್ರಿಗಿ ಒಂದು ಪ್ರಶ್ನಾವಳಿ ಹಂಚು, ಸರಾಸರಿ ತೆಗಿ, ಮುಗೀತು. ನಾ ಹೇಳ್ದಂಗ ಕೇಳು, ಚಿಂತಿಲ್ಲ.”

ಗೇಟಿನ ತನಕ ಬಂದ ಶೇಖರಪ್ಪ ಮೆಲ್ಲಗೆ, “ನಾನೂ ಅವ್ರು ಹೇಳ್ದಂಗ ಕೇಳಾಕತ್ತೀನ್ರಿ ಮೇಡಂ,” ಎಂದವರೇ ಒಳಗೆ ಓಡಿದರು. ಬಸ್ಸಿನಲ್ಲಿ ಕೂತು, ನನ್ನ ತಲೆ ನೆರೆಯಲು ಇನ್ನೆಷ್ಟು ವರ್ಷ ಬೇಕು ಎಂದು ಲೆಕ್ಕ ಹಾಕಿದೆ.

ಎರಡನೆಯದು ಹೈದರಾಬಾದಿನದು. ಸಂದರ್ಶನ ಕಂಪ್ಯೂಟರಿನಲ್ಲೇ ನಡೆಯಿತು. ಈ ವಿಷಯವೇ ಏಕೆ ಎಂದು ಪ್ರೊಫೆಸರಮ್ಮ ಇಂಗ್ಲಿಷಿನಲ್ಲಿ ಕೇಳಿದ ಕೂಡಲೇ ಬಾಯಿಪಾಠ ಮಾಡಿಟ್ಟುಕೊಂಡಿದ್ದ ಇಂಗ್ಲಿಷೆಲ್ಲ ಮರೆತುಹೋಯಿತು. ಗಾಬರಿಯಲ್ಲಿ, ಮಾನ್ವಿಯ ಓಣಿಯಲ್ಲಿ ಆಡಿ ಕಲಿತ ಉರ್ದು ಬಾಯಿಗೆ ಬಂತು: “ಬಚ್ಚೇ ವಾಪಸ್ ಆತೇ ಮೇಡಂ, ಮಗರ್ ಮೆಹಮಾನಾಂ ಕೇ ಸರೀಕಾ ಬೈಠತೇ.” ಮಕ್ಕಳು ಬರುತ್ತಾರೆ, ಆದರೆ ನೆಂಟರ ಹಾಗೆ ಕೂರುತ್ತಾರೆ ಎಂದು. ಕೆಲಸ ಕೆಟ್ಟಿತು ಅಂದುಕೊಂಡೆ. ಆಕೆ ಕನ್ನಡಕ ತೆಗೆದು, “ಹೌ, ಅಬ್ ಬೋಲೇ ನಾ ಆಪ್!” ಎಂದರು. ಈಗ ಮಾತಾಡಿದಿರಿ ನೋಡಿ, ಅಂತ.

ಆದರೆ ಅಲ್ಲಿಗೆ ಹೋಗಲು ಸಂಬಳವಿಲ್ಲದ ರಜೆ ಹಾಕಬೇಕು. ಬರೆದದ್ದನ್ನು ಎಲ್ಲರೆದುರು ಇಂಗ್ಲಿಷಿನಲ್ಲೇ ಓದಿ, ಪ್ರಶ್ನೆಗಳಿಗೆ ಮೈಯೊಡ್ಡಿ ನಿಲ್ಲಬೇಕು. ನನ್ನ ವಿಷಯ ನನಗೆ ಉಳಿಯುತ್ತದೆ, ನಾನು ಉಳಿಯುತ್ತೇನೋ ಇಲ್ಲವೋ!

ಮಾನ್ವಿಗೆ ಹೋಗಿ ಶೇಂಗಾ ಸುಲಿಯುತ್ತಿದ್ದ ಅವ್ವನ ಮುಂದೆ ಕೂತು ಎಲ್ಲ ಹೇಳಿದೆ. “ಅಂಜಿಕಿ ಬರ್ತದವ್ವಾ,” ಎಂದೆ.

ಅವ್ವ ಕೈ ನಿಲ್ಲಿಸಲಿಲ್ಲ. “ಮಾನ್ವಿಗಿ ಬರೋಕಿಂತ ಮೊದ್ಲ, ಹಿರೇಕೊಟ್ನೆಕಲ್‌ದಾಗ ನಿನ್ನ ಸಾಲಿಗಿ ಹಾಕಾಕ ಹೋದಾಗ ಮಧ್ಯಾಹ್ನದ ಮಟ ಬಾಗ್ಲಾಗ ನಿಂತಿದ್ದೆ. ನಮ್ಮ ಓಣ್ಯಾಗಿಂದ ಯಾವ ಹುಡುಗೀನೂ ಹೋಗಿರ್ಲಿಲ್ಲ. ಮಾಸ್ತರ್ರು ಏನಂತಾರೋ ಅಂತ ಅಂಜಿಕಿ ಇತ್ತು.”

“ಆಮ್ಯಾಲ ಅಂಜಿಕಿ ಹೋತೇನು?”

“ಎಲ್ಲಿ ಹೋತದ? ಅಂಜಿಕೋತನ ಒಳಗ ಹೋದೆ.”

ನಮ್ಮ ಕಡೆಯ ಪ್ರೊಫೆಸರರಿಗೆ ಫೋನ್ ಮಾಡುವಾಗ, ಅವರು ಎತ್ತದಿರಲಿ ಎಂದು ಬೇಡಿಕೊಂಡೆ. ಮೊದಲ ರಿಂಗಿಗೇ ಎತ್ತಿದರು. ಬರುವುದಿಲ್ಲ ಎಂದೆ. “ನಿನ್ನಿಷ್ಟ,” ಎಂದು ಇಟ್ಟರು. ಆ ಮೂರಕ್ಷರದ ಮುನಿಸು ಮುಂದೆ ನನಗೆಲ್ಲಿ ಎದುರಾಗುತ್ತದೋ ಎಂದು ಇವತ್ತಿಗೂ ದಿಗಿಲು.

ಈಗ ಹೈದರಾಬಾದಿನಲ್ಲಿದ್ದೇನೆ. ಮೊದಲ ಅಧ್ಯಾಯ ಓದಿದ ದಿನ ನೀರು ಕುಡಿದಿದ್ದೇ ಕುಡಿದಿದ್ದು. ಕೇಳಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ಉತ್ತರ ತಿಳಿಯಲಿಲ್ಲ. ಸಂಜೆ ಅವ್ವನ ಫೋನ್ ಬಂತು.

“ಅಂಜಿಕಿ ಆಗಾಕತ್ತದೇನು?”

“ಭಾಳ ಅವ್ವಾ.”

“ಆಗ್ಲಿ ಬಿಡು,” ಎಂದಳು ನೆಮ್ಮದಿಯಿಂದ. “ಓದಾಕತ್ತೀ ಅಂತ ಗೊತ್ತಾತು.”