ಶಂಕ್ರೆಪ್ಪನವರ ಷರಾ ಕಾಲಮ್ಮು

ಮುಂಬಯಿ ಬದಿಯ ಡೊಂಬಿವಲಿ ಪೂರ್ವದ ಶಂಕ್ರೆಪ್ಪನವರಿಗೆ ಇಬ್ಬರು ಮಕ್ಕಳು ಅಂತ ಜನ ಆಡಿಕೊಳ್ಳುತ್ತಿದ್ದರು. ಒಬ್ಬಳು ಮಯೂರಿ, ಹೆತ್ತ ಮಗಳು. ಇನ್ನೊಂದು ಲ್ಯಾಪ್‌ಟಾಪು. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಅವರು ಎದೆಗವಚಿಕೊಂಡು ಹೋಗುತ್ತಿದ್ದದ್ದು ಯಾವುದನ್ನು ಅಂತ ಮಾತ್ರ ಕೇಳಬೇಡಿ. ಮಯೂರಿ ಚಿಕ್ಕವಳಿದ್ದಾಗ ಎತ್ತಿಕೊಂಡು ತಿರುಗಿದವಳು ಹೆಂಡತಿ ಈರವ್ವ.

ಬಣ್ಣದ ಕಾರ್ಖಾನೆಯ ಸ್ಟೋರಿನಲ್ಲಿ ಇಪ್ಪತ್ತಾರು ವರ್ಷ ಡಬ್ಬಿ ಎಣಿಸಿದ ಶಂಕ್ರೆಪ್ಪ, ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮನೆಯಲ್ಲೇ ಒಂದು ವಧೂ-ವರ ಸೂಚಕ ಕೇಂದ್ರ ತೆರೆದರು. ಠಾಣೆಯಿಂದ ಕಲ್ಯಾಣದವರೆಗೆ, ಇತ್ತ ಸೀವುಡ್ಸ್‌ವರೆಗೆ ಚದುರಿಹೋದ ಬಾಗಲಕೋಟೆ, ಗದಗದ ಕಡೆಯ ಮನೆಗಳಿಗೆ ಗಂಡು-ಹೆಣ್ಣು ತೋರಿಸುವ ಕೆಲಸ. ಇದೇ ಕೆಲಸವನ್ನು ಕಲ್ಯಾಣದ ರತ್ನಾವತಿಬಾಯಿ ಮೊದಲಿನಿಂದಲೂ ಮಾಡುತ್ತಿದ್ದರು, ಒಂದು ಉದ್ದನೆಯ ವಹಿ ಮತ್ತು ಅದಕ್ಕಿಂತ ಉದ್ದನೆಯ ನಾಲಿಗೆ ಇಟ್ಟುಕೊಂಡು. ಆಕೆಯನ್ನು ಹಿಂದೆ ಹಾಕಬೇಕಲ್ಲ! ಎರಡು ಸಾವಿರದ ಎಂಟರಲ್ಲಿ ನವಿ ಮುಂಬಯಿಯ ಯಾವುದೋ ಕಂಪನಿ ತನ್ನ ಹಳೆಯ ಲ್ಯಾಪ್‌ಟಾಪುಗಳನ್ನು ಹೊರಹಾಕಿದಾಗ ಶಂಕ್ರೆಪ್ಪ ಓಡಿಹೋಗಿ ಒಂದನ್ನು ತಂದರು. ಕಪ್ಪಗೆ, ದಪ್ಪಗೆ, ಎರಡು ಇಟ್ಟಿಗೆಯಷ್ಟು ಭಾರ.

"ಇದು ಮನ್ಯಾಗಿನ ಲ್ಯಾಪ್‌ಟಾಪ್ ಅಲ್ರೀ, ಬಿಸಿನೆಸ್ ಲ್ಯಾಪ್‌ಟಾಪ್," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. "ಮ್ಯಾಲಿಂದ ಬಿದ್ರೂ ಏನೂ ಆಗಂಗಿಲ್ಲ."

ಬಿದ್ದಿತ್ತು. ಆಗಿತ್ತು. ಅದನ್ನು ಹೇಳುತ್ತಿರಲಿಲ್ಲ, ಅಷ್ಟೆ.

ಮೂರನೇ ವರ್ಷಕ್ಕೆ ಅದರ ಬ್ಯಾಟರಿ ಸತ್ತಿತು. ಅಂದಿನಿಂದ ಶಂಕ್ರೆಪ್ಪ ಯಾರ ಮನೆಗೆ ಹೋದರೂ ನೀರು ಕೇಳುವ ಮೊದಲು ಪ್ಲಗ್ ಎಲ್ಲಿದೆ ಎಂದು ಕೇಳತೊಡಗಿದರು. ದಿವಾ ಸ್ಟೇಷನ್ನಿನ ಹತ್ತಿರದ ಒಂದು ಮನೆಯಲ್ಲಿ ಫ್ರಿಜ್ಜಿನ ಪ್ಲಗ್ ಕಿತ್ತು ತಮ್ಮದನ್ನು ಚುಚ್ಚಿ, ಹೋಗುವಾಗ ಫ್ರಿಜ್ಜನ್ನು ಹಾಗೇ ಬಿಟ್ಟುಬಂದು ಆ ಮನೆಯ ಹಾಲೆಲ್ಲ ಒಡೆಸಿದರು. ಸಂಬಂಧವೂ ಅಲ್ಲೇ ಒಡೆಯಿತು. ಇನ್ನು ಆ ಲ್ಯಾಪ್‌ಟಾಪು ನಿದ್ದೆಯಿಂದ ಏಳಲು ಬರೋಬ್ಬರಿ ಇಪ್ಪತ್ತು ನಿಮಿಷ. ಅದು ಕಣ್ಣು ಬಿಡುವಷ್ಟರಲ್ಲಿ ಚಹಾ ಬಂದು, ಹುಡುಗಿ ಬಂದು ಕೂತು, ಎದ್ದು ಒಳಗೆ ಹೋಗಿಯೂ ಆಗಿರುತ್ತಿತ್ತು. ಫ್ಯಾನ್ ತಿರುಗತೊಡಗಿದರೆ ಪಕ್ಕದ ಮನೆಯವರು ಇವರ ಮನೆಯಲ್ಲಿ ಚಟ್ನಿ ರುಬ್ಬುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು.

ಅದರ ಬಾಣಂತನವೆಲ್ಲ ಮಯೂರಿಯದು. ಐರೋಲಿಯ ಒಂದು ಕಂಪನಿಯಲ್ಲಿ ಕೂತು ಊರೂರಿನ ಆಫೀಸುಗಳ ಕೆಟ್ಟ ಕಂಪ್ಯೂಟರುಗಳನ್ನು ಫೋನಿನ ಮೇಲೆಯೇ ಸರಿಪಡಿಸಿಕೊಡುವುದು ಆಕೆಯ ಉದ್ಯೋಗ. ಅಪ್ಪನ ಬಾಯಲ್ಲಿ ಅದು "ಫೋನ್ ಎತ್ತೋ ಕೆಲಸ". ರವಿವಾರ ಬಂತೆಂದರೆ ಹಳೆಯ ಪೌಡರ್ ಬ್ರಶ್ಶಿನಿಂದ ಆ ಫ್ಯಾನಿನ ಧೂಳು ತೆಗೆಯುವವಳು ಅವಳೇ. ಬಿದ್ದು ಸಡಿಲಾಗಿದ್ದ ಮುಚ್ಚಳಕ್ಕೆ ಹೊಂದುವ ಸ್ಕ್ರೂ ಹುಡುಕಿ ತಂದವಳೂ ಅವಳೇ. ಶಂಕ್ರೆಪ್ಪ ಮಾತ್ರ ಕನ್ನಡ ಸಂಘದ ಸಭೆಯಲ್ಲಿ ಎದೆ ಉಬ್ಬಿಸಿ, "ಎಂಟ್ ವರ್ಷ ಆತ್ರೀ, ಒಂದ್ ದಿನಾ ಕೆಟ್ಟಿಲ್ಲ. ಮಷೀನ್ ಅಂದ್ರ ಹಿಂಗಿರಬೇಕು," ಎನ್ನುತ್ತಿದ್ದರು. ಮಗಳ ಬಗ್ಗೆ ಅವರು ಇಂಥ ಒಂದು ಮಾತು ಆಡಿದ್ದನ್ನು ಯಾರೂ ಕೇಳಿಲ್ಲ.

ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಒಂದೇ ಒಂದು ಯಾದಿ. ಆರುನೂರು ಹುಡುಗ ಹುಡುಗಿಯರ ಹೆಸರು, ಊರು, ಓದು, ನೌಕರಿ, ಎಲ್ಲ ಅಚ್ಚ ಕನ್ನಡದಲ್ಲಿ. ಕೊನೆಯ ಕಾಲಮ್ಮಿನ ಹೆಸರು 'ಷರಾ'. ಇದು ಸ್ಟೋರಿನಿಂದ ಬಂದ ಚಟ. ಅಲ್ಲಿ ಡಬ್ಬಿ ಒಳಗೆ ಬಂದೊಡನೆ 'ತಳ ತುಕ್ಕು', 'ಮುಚ್ಚಳ ಸಡಿಲು' ಎಂದು ಕೊನೆಯ ಕಾಲಮ್ಮಿನಲ್ಲಿ ಬರೆದಿಡಬೇಕಾಗಿತ್ತು. ಆ ಕಣ್ಣಿನಿಂದಲೇ ಅವರು ಜನರ ಮಕ್ಕಳನ್ನೂ ನೋಡಿದರು, ಹಾಗೆಯೇ ಬರೆದರು. ಯಾರಿಗೂ ಕಾಣದಿರಲೆಂದು ಆ ಕಾಲಮ್ಮನ್ನು ಎಳೆದೆಳೆದು ದಾರದಷ್ಟು ಸಪೂರ ಮಾಡಿಟ್ಟಿದ್ದರು. ಮನೆಯವರ ಭಯವಂತೂ ಇರಲಿಲ್ಲ. ಈರವ್ವ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಮರಾಠಿ ಶಾಲೆಯಲ್ಲಿ ಓದಿದ ಮಯೂರಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಓದಲು ಒಂದಕ್ಷರ ಬರುತ್ತಿರಲಿಲ್ಲ. ಆಕೆ ಆರು ವರ್ಷದವಳಿದ್ದಾಗ ಸಂಘದವರು ರವಿವಾರದ ಕನ್ನಡ ವರ್ಗಕ್ಕೆ ಕಳಿಸಿ ಎಂದು ಕೇಳಿದ್ದರು. "ಇಲ್ಲಿದ್ದು ಕನ್ನಡಾ ಕಲ್ತು ಏನ್ ಕಿಸೀತಾಳ?" ಎಂದು ಕಳಿಸದೆ ಬಿಟ್ಟವರು ಇದೇ ಶಂಕ್ರೆಪ್ಪ. ಪ್ರತಿ ನವೆಂಬರಿನಲ್ಲಿ ಕೊರಳಿಗೆ ಹಳದಿ-ಕೆಂಪು ಶಾಲು ಸುತ್ತಿಕೊಂಡು ಕನ್ನಡ ಉಳಿಸಿರೆಂದು ಕಣ್ಣೀರು ತೆಗೆಯುವವರೂ ಇವರೇ. ಏನನ್ನೋಣ!

ಎರಡು ಸಾವಿರದ ಹದಿನಾರರಲ್ಲಿ ಶಂಕ್ರೆಪ್ಪನವರ ತಲೆಗೆ ದೊಡ್ಡದೊಂದು ಹುಳ ಹೊಕ್ಕಿತು. ಡೊಂಬಿವಲಿಯಲ್ಲಿ ವಧೂ-ವರರ ಸಮಾವೇಶ ಮಾಡುವುದು, ಇಡೀ ಯಾದಿಯನ್ನು ಪುಸ್ತಕ ಮಾಡಿ ಹಂಚುವುದು. ಅದಾದರೆ ರತ್ನಾವತಿಬಾಯಿಯ ವಹಿಯನ್ನು ಕೇಳುವವರೇ ಇರುವುದಿಲ್ಲ. ಅದಕ್ಕೆ ಮೊದಲು ಲ್ಯಾಪ್‌ಟಾಪಿಗೆ ಯೌವನ ಬರಬೇಕಾಗಿತ್ತು. "ನಾನು ಮಾಡ್‌ತೀ ನಾ ಪಪ್ಪಾ," ಎಂದು ಮಯೂರಿ ತನ್ನ ಕಲಬೆರಕೆ ಭಾಷೆಯಲ್ಲಿ ಅಂದರೆ, "ಫೋನ್ ಎತ್ತೋರ ಕೆಲಸ ಅಲ್ಲವ್ವಾ ಇದು," ಎಂದು ಠಾಣೆಯ ಒಂದು ಅಂಗಡಿಗೆ ಒಯ್ದರು. ಅಂಗಡಿಯವನು ಹೊಸ ಡಿಸ್ಕು ಹಾಕಿದ, ಮೆಮರಿ ಏರಿಸಿದ, ಹೊಸ ವಿಂಡೋಸ್ ಹಾಕಿದ, ಹೊಸ ಬ್ಯಾಟರಿಯನ್ನೂ ಸಿಕ್ಕಿಸಿದ. ಹಳೆಯ ಫೈಲುಗಳನ್ನೆಲ್ಲ ಜೋಪಾನವಾಗಿ ಇಳಿಸಿಯೂ ಕೊಟ್ಟ. ಗುಂಡಿ ಒತ್ತಿದರೆ ಹದಿನೈದು ಸೆಕೆಂಡಿಗೆ ಎದ್ದು ಕೂತಿತು! ಶಂಕ್ರೆಪ್ಪ ಬಿಲ್ಡಿಂಗಿಗೆಲ್ಲ ಪೇಢೆ ಹಂಚಿದರು.

ಪೇಢೆಯ ಸಿಹಿ ಬಾಯಲ್ಲಿರುವಾಗಲೇ ಯಾದಿ ತೆರೆದರು. ಕನ್ನಡ ಮಂಗಮಾಯ. ಅಕ್ಷರ ಇರಬೇಕಾದ ಕಡೆಯೆಲ್ಲ ಟೋಪಿ ಹಾಕಿದ ಇಂಗ್ಲಿಷ್ ಎ, ಪೌಂಡಿನ ಗುರುತು, ಬಾಲ ಬಂದ ಸಿ. ಆರುನೂರು ಸಾಲು ಹೀಗೆಯೇ. ಸಮಾವೇಶಕ್ಕೆ ಉಳಿದದ್ದು ಹತ್ತು ದಿನ. ಹಾಲ್ ಬುಕ್ ಆಗಿತ್ತು, ಬ್ಯಾನರ್ ಏರಿತ್ತು, ಊರಿಗೆಲ್ಲ ಹೇಳಿಯಾಗಿತ್ತು. ಯಾದಿ ಇಲ್ಲದೆ ಸಮಾವೇಶ ಮಾಡಿದರೆ ರತ್ನಾವತಿಬಾಯಿ ಮೊದಲನೇ ಸಾಲಿನಲ್ಲಿ ಕೂತು ನಗುತ್ತಾಳೆ, ಅಲ್ಲಿಗೆ ಕೇಂದ್ರದ ಮಾನ ಮೂರು ಕಾಸಿಗೆ ಹರಾಜು.

"ವೈರಸ್ ತಿಂದೈತಿ!" ಎಂದು ಕೂಗಿದರು. ಅಂಗಡಿಯವನು ನೋಡಿ, ಫೈಲುಗಳೆಲ್ಲ ಇವೆಯಲ್ಲ ಕಾಕಾ ಎಂದ. ಅವನಿಗೆ ಕನ್ನಡವೂ ಒಂದೇ, ಈ ಕಾಗೆಕಾಲೂ ಒಂದೇ. ಮುಲುಂಡಿನ ಒಬ್ಬ ಇಂಜಿನಿಯರಿಗೆ ತೋರಿಸಿದರು, ಅವನು ಎಲ್ಲ ಅಳಿಸಿ ಹೊಸದಾಗಿ ಬರೆಯಿರಿ ಎಂದ. ಈರವ್ವ ಉಪ್ಪು-ಮೆಣಸಿನಕಾಯಿ ತಂದು ಲ್ಯಾಪ್‌ಟಾಪಿಗೆ ದೃಷ್ಟಿ ತೆಗೆದಳು. "ಮಂದೀ ಕಣ್ಣು ಬಿದ್ದೈತಿ. ಪೇಢೆ ಯಾಕ ಹಂಚಬೇಕಿತ್ತು?"

ಆರನೇ ದಿನ ಬೇರೆ ದಾರಿ ಕಾಣದೆ ಶಂಕ್ರೆಪ್ಪ ಅದನ್ನು ಮಗಳ ಮುಂದೆ ಇಟ್ಟರು. ಮಯೂರಿ ಅರ್ಧ ನಿಮಿಷ ನೋಡಿದಳು.

"ಪಪ್ಪಾ, ಫೈಲ್ ಠೀಕ್ ಹೈ. ಫಾಂಟ್ ನಹೀಂ ಹೈ, ಬಸ್. ಜುನಾ ಸಿಡಿ ಎಲ್ಲಿ?"

ಹಳೆಯ ಕನ್ನಡ ಅಕ್ಷರಗಳ ಸಿಡಿ ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿತು. ಅದನ್ನು ಹಾಕಿದ್ದೇ ತಡ, ಆರುನೂರು ಸಾಲುಗಳೂ ಮೈಕೊಡವಿ ಕನ್ನಡವಾದವು. ಶಂಕ್ರೆಪ್ಪ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪಿನ ಬೆನ್ನು ತಟ್ಟಿದರು. ಹೌದು, ಲ್ಯಾಪ್‌ಟಾಪಿನದು.

ಕೆಲಸದಲ್ಲಿ ಅಚ್ಚುಕಟ್ಟಿನವಳಾದ ಮಯೂರಿ ಪುಸ್ತಕವನ್ನೂ ಜೋಡಿಸಿದಳು. ಸಾಲಿನ ನಂಬರು ನೋಡಿಕೊಂಡು, ತನ್ನದೂ ಸೇರಿ ಎಲ್ಲರ ಫೋಟೋ ಕೂರಿಸಿದಳು. ಯಾದಿಯ ಕೊನೆಯಲ್ಲಿ ಒಂದು ಕಾಲಮ್ಮು ದಾರದಂತೆ ಸೊರಗಿ ಬಿದ್ದದ್ದನ್ನು ಕಂಡು, ಇದೂ ಅದೇ ಕಾಯಿಲೆ ಎಂದುಕೊಂಡು ಅಗಲ ಮಾಡಿದಳು. ಕಳಿಸುವ ಮೊದಲು ಒಮ್ಮೆ ನೋಡಿ ಎಂದು ಅಪ್ಪನನ್ನು ಕರೆದಳು. ಶಂಕ್ರೆಪ್ಪ ಮುಖಪುಟ ನೋಡಿದರು. ಅಲ್ಲಿ ತಮ್ಮ ಫೋಟೋ, ಕೆಳಗೆ 'ಸಂಸ್ಥಾಪಕರು'. ಫೋಟೋ ಇನ್ನೊಂದಿಷ್ಟು ದೊಡ್ಡದು ಮಾಡಿಸಿ, ಹಾರ ತರಲು ಹೋದರು. ಕಲ್ಯಾಣದ ಪ್ರೆಸ್ಸಿನಲ್ಲಿ ಎಲ್ಲರೂ ಮರಾಠಿಯವರು. ಅಕ್ಷರ ದುಂಡಗೆ ಬಂದಿದೆಯೇ ಎಂದಷ್ಟೇ ನೋಡಿ ಮುನ್ನೂರು ಪ್ರತಿ ಅಚ್ಚು ಹಾಕಿದರು.

ರವಿವಾರ ಹಾಲ್ ತುಂಬಿತ್ತು. ಶಿರಾ-ಉಪ್ಪಿಟ್ಟು ಮುಗಿದು ಪುಸ್ತಕ ಹಂಚಿದ ಮೇಲೆ ನೂರೈವತ್ತು ಜನ ಒಮ್ಮೆಲೇ ತಲೆ ತಗ್ಗಿಸಿ ಓದತೊಡಗಿದರು. ಪಿಟ್ಟೆನ್ನುವ ಸದ್ದಿಲ್ಲ. ಇದು ಗೌರವ ಎಂದುಕೊಂಡ ಶಂಕ್ರೆಪ್ಪ ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡರು.

"ಏಯ್ ಶಂಕ್ರೆಪ್ಪಾ!" ಅಂಬರನಾಥದ ಹುಲಗಪ್ಪ ಎದ್ದು ನಿಂತಿದ್ದ. "ಏನ್ ಬರದೀಯೋ ಇದು? 'ಸಂಬಳ ಹೇಳಿದ್ದರ ಅರ್ಧ. ಶನಿವಾರ ಕುಡಿಯುತ್ತಾನೆ, ರವಿವಾರ ಒಪ್ಪುವುದಿಲ್ಲ.' ನನ್ನ ಮಗನ ಬಗ್ಗೆ!"

ಶಂಕ್ರೆಪ್ಪ ಪುಸ್ತಕ ತೆರೆದರು. ಪುಟಪುಟಕ್ಕೂ ಷರಾ, ದಪ್ಪಕ್ಷರದಲ್ಲಿ.

"ಪ್ರಿಂಟಿಂಗ್ ಮಿಸ್ಟೇಕ್ರೀ, ಹುಲಗಪ್ಪನವರ!"

"ಮಿಸ್ಟೇಕಾ? ಪ್ರೆಸ್ಸಿನ ಮರಾಠಿ ಮನಷ್ಯಾಗ ನನ್ನ ಮಗಾ ಶನಿವಾರ ಕುಡೀತಾನಂತ ಹೆಂಗೋ ಗೊತ್ತಾತು?"

ಅತ್ತ ರಮಾಮಣಿ ಎದ್ದಳು. ಆಕೆಯ ಮಗಳಿಗೆ 'ಬಣ್ಣ ಫೋಟೋದಲ್ಲಿ ಮಾತ್ರ. ತಾಯಿ ಜೋರು, ದೂರವಿರುವುದು ಲೇಸು' ಎಂದಿತ್ತು. "ಜೋರು ಅಂದ್ರೇನಂತ ಈಗ ತೋರಸ್ತೀನಿ ಬಾ," ಎಂದು ಸೆರಗು ಸಿಕ್ಕಿಸಿದಳು. ಶಂಕ್ರೆಪ್ಪ ವೇದಿಕೆ ಇಳಿದು ಪುಸ್ತಕ ಕಸಿಯಲು ಹೋದರೆ ಒಬ್ಬರೂ ಕೊಡಲೊಲ್ಲರು. ಅಲ್ಲವೇ ಮತ್ತೆ? ತಮ್ಮ ಮಕ್ಕಳ ಷರಾ ಓದಿ ಬೆಂಕಿಯಾದವರಿಗೂ ಪಕ್ಕದ ಮನೆಯವರದು ಓದುವಾಗ ಶಿರಾಕ್ಕಿಂತ ಸಿಹಿ. ರತ್ನಾವತಿಬಾಯಿ ಮೊದಲನೇ ಸಾಲಿನಲ್ಲಿ ಕನ್ನಡಕ ಏರಿಸಿ, ಹೊಟ್ಟೆ ಹಿಡಿದು ನಗುತ್ತಾ ಪುಟ ತಿರುವುತ್ತಿದ್ದರು. ಒಂದು ಪುಟಕ್ಕೆ ಬಂದವರು ನಗು ನಿಲ್ಲಿಸಿ ತಲೆಯೆತ್ತಿ ಮಯೂರಿಯನ್ನು ನೋಡಿದರು. ಅವರನ್ನು ನೋಡಿ ಉಳಿದವರೂ ಅದೇ ಪುಟ ತೆರೆದರು.

ಮಯೂರಿ ಪುಸ್ತಕ ಹಿಡಿದು ಅಪ್ಪನ ಹತ್ತಿರ ಬಂದಳು. "ಪಪ್ಪಾ, ಸಬ್ ಲೋಗ್ ಮೇರೇಕೋ ಐಸೇ ಕ್ಯೋಂ ದೇಖ್ ರಹೇ ಹೈಂ? ಮೇರಾ ಕ್ಯಾ ಲಿಖಾ ಹೈ?" ಎಲ್ಲರೂ ತನ್ನನ್ನೇ ಯಾಕೆ ಹೀಗೆ ನೋಡುತ್ತಿದ್ದಾರೆ, ತನ್ನ ಬಗ್ಗೆ ಏನು ಬರೆದಿದೆ ಎಂದು ಕೇಳಿ, ತನ್ನ ಫೋಟೋ ಇದ್ದ ಸಾಲಿನ ಮೇಲೆ ಬೆರಳಿಟ್ಟು ಓದಿ ಎಂದಳು.

ಮೂರು ವರ್ಷದ ಕೆಳಗೆ ಯಾರೋ ಬಂದು ನೋಡಿ ಬೇಡವೆಂದು ಹೋದ ಸಂಜೆ, ಸಿಟ್ಟಿನ ಭರದಲ್ಲಿ ಬರೆದದ್ದು: 'ಸುಮಾರು. ಫೋನ್ ಎತ್ತುವ ಕೆಲಸ. 2ನೇ ಮದುವೆಯವನಾದರೂ ನಡೆದೀತು.'

ಶಂಕ್ರೆಪ್ಪ ಆ ಸಾಲನ್ನು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡರು. ಆಮೇಲೆ ಎಲ್ಲಿಂದಲೋ ಧೈರ್ಯ ಬಂತು. ಓದಲು ಬಾರದವಳ ಮುಂದೆ ಯಾರಿಗೆ ಬಾರದು ಧೈರ್ಯ? "ಗುಣವಂತೆ," ಎಂದು ಗಟ್ಟಿಯಾಗಿ ಓದಿದರು. "ಜಾಣೆ. ಕೆಲಸದಲ್ಲಿ ಚುರುಕು. ಇಂಥ ಮಗಳು ಪುಣ್ಯವಂತರಿಗಷ್ಟೇ ಹುಟ್ಟುತ್ತಾಳೆ."

ನೂರೈವತ್ತು ಜನರ ಕೈಯಲ್ಲೂ ಅದೇ ಪುಟ ತೆರೆದಿತ್ತು. ಹುಲಗಪ್ಪ ಕೂಡ ಕೂತುಬಿಟ್ಟ. ರತ್ನಾವತಿಬಾಯಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

ಮಯೂರಿಯ ಮುಖ ಅರಳಿತು. ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ ಇಂಥ ಮಾತು ಕೇಳಿದ್ದೇ ಇಲ್ಲ, ಅರಳದೆ ಏನು ಮಾಡೀತು ಪಾಪ! ಆ ಮಾತುಗಳು ಯಾವ ಯಾವ ಅಕ್ಷರದಲ್ಲಿವೆ ಎಂದು ನೋಡುವ ಆಸೆಯಿಂದ ಪುಸ್ತಕದ ಮೇಲೆ ಇನ್ನೊಮ್ಮೆ ಬಾಗಿದಳು. ಬೆರಳು ಸಾಲಿನುದ್ದಕ್ಕೂ ಹೋಗಿ ಒಂದು ಕಡೆ ನಿಂತಿತು.

"ಪಪ್ಪಾ," ಎಂದಳು. ತಡವರಿಸುತ್ತ ತಡವರಿಸುತ್ತ ಕನ್ನಡದಲ್ಲೇ ಹೇಳಿದಳು, "ಇಲ್ಲಿ ಎರಡು ಐತಿ. ನಂಬರ್ ನನಗ್ ಓದಾಕ್ ಬರ್ತದ. ನೀವ್ ಓದಿದ್ದರಾಗ ಎರಡು ಬರಲೇ ಇಲ್ಲ."

ಶಂಕ್ರೆಪ್ಪ ಸುತ್ತ ನೋಡಿದರು. ಒಬ್ಬರಾದರೂ ಎದ್ದು ಬೈಯಬಾರದೇ, ರಮಾಮಣಿ ಬಂದು ಕಪಾಳಕ್ಕೊಂದು ಬಿಡಬಾರದೇ ಅನ್ನಿಸಿತು. ಯಾರೂ ಏಳಲಿಲ್ಲ.

"ಮತ್ತ ಓದ್ರಿ, ಪಪ್ಪಾ."

ಓದಿದರು. ಈ ಸಲ ಇದ್ದದ್ದನ್ನೇ, ಮೆಲ್ಲಗೆ. ಮಯೂರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಕೇಳಿದರೆ ಪೂರಾ ತಿಳಿಯುತ್ತಿತ್ತು.