ಬಿಸ್ಕತ್ ಡಬ್ಬಿಯ ಬಾವುಟ

ಕೊಡಗಿನ ಕುಟ್ಟದ ಕಡೆಯ ಆಗಸ್ಟ್ ಮಳೆಯಲ್ಲಿ ಪೂರ್ತಿ ಒಣಗಿರುವ ಬಟ್ಟೆ ಅಂತ ಒಂದಿದ್ದರೆ ಅದು ಪುಟ್ಟಲಕ್ಷ್ಮಮ್ಮ ಟೀಚರ ಶಾಲೆಯ ಬಾವುಟ. ನಮ್ಮೆಲ್ಲರ ಸೀರೆ, ಹಾಸಿಗೆ, ಹೊದಿಕೆ ಬೂಷ್ಟು ಹಿಡಿದು ಕೂತಿರುವಾಗ ಆ ಬಾವುಟ ಮಾತ್ರ ಇಸ್ತ್ರಿಯ ಗೆರೆ ಸಮೇತ ಒಂದು ಹಳೆಯ ಬಿಸ್ಕತ್ ಡಬ್ಬಿಯಲ್ಲಿ, ನಾಲ್ಕು ಲವಂಗದ ಜೊತೆ ಬೆಚ್ಚಗೆ ಮಲಗಿರುತ್ತಿತ್ತು. ಲವಂಗ ಯಾಕೆ ಟೀಚರ್ ಅಂತ ಕೇಳಿದರೆ, "ನಮ್ಮವ್ವ ರೇಷ್ಮೆ ಸೀರೆಗೆ ಹಾಕೋಳು. ಇದೇನು ಅದಕ್ಕಿಂತ ಕಮ್ಮಿಯಾ?" ಅನ್ನುತ್ತಿದ್ದರು.

ಹೆಸರಿನಲ್ಲಿ ಪುಟ್ಟ ಇದ್ದರೂ ಆಳು ಶಾಲೆಯ ಬಾಗಿಲಿಗೆ ತಲೆ ತಗ್ಗಿಸಬೇಕಾದಷ್ಟು ಎತ್ತರ. ಹಾಸನದ ಕಡೆಯಿಂದ ಬಂದು ಶಿರಂಗಾಲದಲ್ಲಿ ನೆಲೆ ನಿಂತ ರೈತರ ಮನೆಯ ಮಗಳು. ಜಿಲ್ಲೆಯ ಆ ತುದಿಯಿಂದ ಈ ತುದಿಯ ಕಾಫಿ ತೋಟಗಳ ನಡುವಿನ ಸಣ್ಣ ಸರ್ಕಾರಿ ಶಾಲೆಗೆ ವರ್ಗವಾಗಿ ಬಂದವರು ನಿವೃತ್ತರಾಗುವ ತನಕ ಬೇರೆಲ್ಲೂ ಹೋಗಲೇ ಇಲ್ಲ. ಮಕ್ಕಳೆಲ್ಲ ಎಸ್ಟೇಟಿನ ಕೂಲಿಕಾರರ ಲೈನ್ ಮನೆಗಳವರು. ಒಬ್ಬ ಮಲಯಾಳ, ಒಬ್ಬಳು ತಮಿಳು, ಇನ್ನೊಬ್ಬ ಯರವ ಮಾತು, ದೂರದ ಉತ್ತರದಿಂದ ಕೂಲಿಗೆ ಬಂದವರ ಮಕ್ಕಳದು ಹಿಂದಿ. ಟೀಚರು ಎಲ್ಲರ ಜೊತೆಯೂ ಶಿರಂಗಾಲದ ಕನ್ನಡವನ್ನೇ ಸ್ವಲ್ಪ ಜೋರಾಗಿ ಆಡುತ್ತಿದ್ದರು. ಹೇಗೋ ಎಲ್ಲರಿಗೂ ಅರ್ಥವಾಗುತ್ತಿತ್ತು.

ಅವರಿಗೆ ಹಾಜರಿಯ ಹುಚ್ಚು. ತರಗತಿಯಲ್ಲಿ ಸರಿ, ಊಟದ ಸಾಲಿನಲ್ಲೂ ಹಾಜರಿ, ಇರ್ಪು ಜಲಪಾತಕ್ಕೆ ಕರೆದುಕೊಂಡು ಹೋದರೆ ಹತ್ತುವಾಗೊಮ್ಮೆ, ಇಳಿಯುವಾಗೊಮ್ಮೆ. ಒಂದು ವರ್ಷ ಕಾಫಿ ಹಣ್ಣಿನ ಪಿಕಿಂಗ್ ಮುಗಿದ ಮೇಲೆ ಒಂದು ಕುಟುಂಬ ಹೇಳದೆ ಕೇಳದೆ ಊರು ಬಿಟ್ಟಿತು. ಆ ಮನೆಯ ಹುಡುಗಿಯ ಹೆಸರನ್ನು ಟೀಚರು ಆಮೇಲೂ ಬಹಳ ದಿನ ಕೂಗುತ್ತಲೇ ಇದ್ದರು. "ಹೆಸ್ರು ಹೊಡ್ದಾಕಕ್ಕೆ ಕೈ ಬರಲ್ಲ ಕಣೆ ಶೈಲ. ಎಲ್ಲಾದ್ರೂ ಇದ್ದೇ ಇರ್ತದಲ್ಲ ಮಗ," ಅಂದಿದ್ದರು ನನ್ನ ಹತ್ತಿರ.

ನಾನು ಕುಟ್ಟದ ಪೇಟೆಯಲ್ಲಿ ಸ್ಟುಡಿಯೊ ಇಟ್ಟವಳು. ನಾಮಕರಣ, ಮದುವೆ, ತಿಥಿ ಯಾವುದನ್ನೂ ಬಿಟ್ಟವಳಲ್ಲ. ಟೀಚರು ನಿವೃತ್ತರಾಗುವ ವರ್ಷ ಆಗಸ್ಟ್ ಮೊದಲ ವಾರದಲ್ಲಿ ಕೊಡೆ ಮಡಚುತ್ತಾ ಅಂಗಡಿಗೆ ಬಂದು ನಿಂತರು. "ಈ ತಿಂಗ್ಳು ಕಳುದ್ರೆ ನಂಗೆ ರಿಟೈರು. ಪಿಕಿಂಗ್ ಆದ್ಮೇಲೆ ಈ ಮಕ್ಳು ಯಾರೆಲ್ಲೋ ಏನೋ. ಹದಿನೈದನೇ ತಾರೀಕು ಎಲ್ಲಾ ಮಕ್ಳೂ ಒಂದೇ ಫೋಟೊದಲ್ಲಿ ಬೇಕು. ಒಬ್ರೂ ತಪ್ಪಬಾರ್ದು, ನೋಡು." ಮಗುವಿಗೊಂದರಂತೆ ಪ್ರತಿ ಹಾಕಿಸಿ ಕೊಡಬೇಕು, ಎಲ್ಲಿಗೆ ಹೋದರೂ ಗೋಡೆಗೆ ಇದೊಂದು ಇರಲಿ ಎಂಬುದು ಅವರ ಆಸೆ.

ಹದಿನಾಲ್ಕರ ಸಂಜೆಗೆ ನನಗೆ ಜ್ವರ ಏರಿತು. ಬೆಳಿಗ್ಗೆ ಎದ್ದರೆ ಕಾಲು ನನ್ನದಲ್ಲ, ತಲೆ ನನ್ನದಲ್ಲ. ಬರುವುದಿಲ್ಲ ಎಂದು ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ಆದರೆ ಟೀಚರಿಗೆ ಇಲ್ಲ ಅನ್ನುವ ಧೈರ್ಯ ಆರೋಗ್ಯವಾಗಿದ್ದಾಗಲೇ ನನಗಿರಲಿಲ್ಲ. ಎರಡು ಮಾತ್ರೆ ನುಂಗಿ, ಕ್ಯಾಮೆರಾಕ್ಕೆ ಮಳೆಯ ಪ್ಲಾಸ್ಟಿಕ್ ಕಟ್ಟಿ, ಆ ಕಡೆ ಹೊರಟಿದ್ದ ಒಂದು ಜೀಪು ಹತ್ತಿದೆ.

ಜಿಟಿಜಿಟಿ ಮಳೆಯಲ್ಲೇ ಬಾವುಟ ಏರಿತು. ಪಕ್ಕದ ತೋಟದ ಸಾಹುಕಾರರು ಮುಖ್ಯ ಅತಿಥಿ. ಅವರು ಭಾಷಣ ಮಾಡುವಾಗ ಅವರ ಡ್ರೈವರು ಮೊಬೈಲಿನಲ್ಲಿ ಅವರೊಬ್ಬರನ್ನೇ ಹಿಡಿಯುತ್ತಿದ್ದ. ನಾನು ಕ್ಲಿಕ್ಕಿಸುತ್ತಲೇ ಇದ್ದೆ. ಟೀಚರು ಹಾಜರಿ ಕೂಗಿ, ಒಬ್ಬರೂ ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಂಡು, ಮಕ್ಕಳನ್ನು ಮೂರು ಸಾಲಾಗಿ ನಿಲ್ಲಿಸಿದರು. ಆ ಫೋಟೊವನ್ನೂ ತೆಗೆದೆ. ಲಡ್ಡು ಹಂಚಿದರು, ಮಕ್ಕಳು ಓಡಿದರು.

ಜಗಲಿಯಲ್ಲಿ ಕೂತು ಪ್ಲಾಸ್ಟಿಕ್ ಬಿಚ್ಚಿ ನೋಡಿದೆ. ಕ್ಯಾಮೆರಾದಲ್ಲಿ ಮೆಮೊರಿ ಕಾರ್ಡೇ ಇಲ್ಲ. ಹಿಂದಿನ ದಿನ ಫೋಟೊ ಇಳಿಸಲೆಂದು ಕಂಪ್ಯೂಟರಿಗೆ ಹಾಕಿದ್ದು ಅಲ್ಲೇ ಉಳಿದಿತ್ತು. ಕಾರ್ಡಿಲ್ಲ ಎಂದು ಪರದೆ ಬೆಳಗಿನಿಂದ ಹೇಳುತ್ತಲೇ ಇದ್ದಿರಬೇಕು. ಮಂಜು ಕಟ್ಟಿದ ಪ್ಲಾಸ್ಟಿಕ್ಕಿನ ಒಳಗಿನದು ಜ್ವರದ ಕಣ್ಣಿಗೆ ಕಂಡಿರಲಿಲ್ಲ. ನನಗೆ ಅಳು ಬಂತು. ನಾಚಿಕೆಯಿಲ್ಲದೆ ಅತ್ತೆ.

ಅದೇ ಹೊತ್ತಿಗೆ ಸಾಹುಕಾರರು ಬಂದು, "ಎಲ್ಲಿ ಅಮ್ಮ, ಮಕ್ಕಳ ಗ್ರೂಪ್ ಫೋಟೊ ತೋರಿಸಿ" ಅಂದರು. ಟೀಚರು ನನ್ನ ಮುಖ ನೋಡಿದರು, ತೆರೆದ ಕ್ಯಾಮೆರಾ ನೋಡಿದರು. ಏನು ಅರ್ಥವಾಯಿತೋ, ನನ್ನ ಮುಂದೆ ಬಂದು ನಿಂತರು.

"ಅದು ಸಂಜೆಗಿಟ್ಕಂಡಿದೀವಿ ಸಾರ್. ಬಾವುಟ ಇಳಿಸೋವಾಗ. ಈಗ ತೆಗ್ದಿದ್ದು ಸುಮ್ನೆ ಪ್ರಾಕ್ಟೀಸು."

ಬಾವುಟ ಏರಿಸಲು ಊರೇ ಬರುತ್ತದೆ, ಇಳಿಸಲು ಯಾರೂ ಬರುವುದಿಲ್ಲ. ಅಷ್ಟು ವರ್ಷವೂ ಹೊತ್ತು ಮುಳುಗುವ ಮುಂಚೆ ಟೀಚರು ಒಬ್ಬರೇ ಬಂದು, ಇಳಿಸಿ, ಮಡಿಸಿ, ಡಬ್ಬಿಗೆ ಹಾಕಿ, ಒಣಗಿಸಿ ಇಸ್ತ್ರಿ ಮಾಡಲು ಮನೆಗೆ ಒಯ್ಯುತ್ತಿದ್ದರು. ಆ ಗಳಿಗೆಯಲ್ಲಿ ಅವರಿಗೆ ಹೊಳೆದದ್ದು ಅದೇ.

ಸಾಹುಕಾರರು ಹೋದ ಮೇಲೆ ನಾನು, ಕಾರ್ಡು ಸ್ಟುಡಿಯೊದ ಕಂಪ್ಯೂಟರಿನಲ್ಲೇ ಉಳಿಯಿತೆಂದು ಹೇಳಿ, ಕ್ಷಮೆ ಕೇಳಲು ಬಾಯಿ ತೆರೆದೆ. "ಸುಮ್ನಿರು. ಸ್ಟುಡಿಯೊ ಕೀ ಕೊಡು. ನೀ ಇಲ್ಲೇ ಮನಿಕ್ಕೋ. ಎದ್ದೀಯಾ ಜೋಕೆ!" ಅಂದರು. ಎರಡು ಬೆಂಚು ಜೋಡಿಸಿ, ತಮ್ಮ ಶಾಲು ಹೊದಿಸಿ, ಅಡುಗೆಯ ಕಾವೇರಮ್ಮನಿಗೆ ಗಂಜಿ ಮಾಡಲೂ ಸಂಜೆ ಮತ್ತೆ ಬರಬೇಕೆಂದು ಮಕ್ಕಳಿಗೆ ತಿಳಿಸಲೂ ಹೇಳಿ, ಮಳೆಯಲ್ಲಿ ಹೊರಟೇಬಿಟ್ಟರು. ರಜೆಯ ದಿನ ಬಸ್ಸು ಅಪರೂಪ. ಅರ್ಧ ದಾರಿ ನಡೆದರೆಂದು ಆಮೇಲೆ ತಿಳಿಯಿತು.

ನಾನು ಗಂಜಿ ಕುಡಿದು, ಬೆವರಿ, ಮಲಗಿ ಎದ್ದಾಗ ಟೀಚರು ಸೆರಗಿನ ಗಂಟು ಬಿಚ್ಚುತ್ತಿದ್ದರು. ಮೂರು ಕಾರ್ಡು, ಕಂಪ್ಯೂಟರಿನ ಮೌಸು, ಒಂದು ಸ್ಟೇಪ್ಲರು, ಬ್ಯಾಂಕಿಗೆಂದು ತೆಗೆದಿಟ್ಟಿದ್ದ ನನ್ನ ಪಾಸ್‌ಪೋರ್ಟ್ ಸೈಜಿನ ಫೋಟೊಗಳು.

"ಯಾವ್ದು ಅಂತ ಗೊತ್ತಾಗ್ಲಿಲ್ಲ ಕಣವ್ವ. ಕಂಪ್ಯೂಟರಿಗೆ ಸಿಕ್ಸಿದ್ದೂ ಮೇಜಿನ ಮೇಲಿದ್ದುದೂ ಎಲ್ಲಾ ತಂದೆ."

ಅಷ್ಟು ಜ್ವರದಲ್ಲೂ ನಕ್ಕುಬಿಟ್ಟೆ.

ಸಂಜೆ ಮಳೆ ಬಿಟ್ಟಿತು. ಮಕ್ಕಳು ಬಂದರು, ಅವರ ಹಿಂದೆ ಅಪ್ಪ ಅಮ್ಮಂದಿರೂ ಬಂದರು. ಇದನ್ನು ನಾವು ಯಾರೂ ಎಣಿಸಿರಲಿಲ್ಲ. ಬೆಳಿಗ್ಗೆ ಸಾಹುಕಾರರು ಕೂತ ಕಡೆ ಬಂದು ಕೂರಲು ಅವರಿಗೆ ಯಾವತ್ತೂ ಸಂಕೋಚ. ಸಂಜೆ ಕುರ್ಚಿಯೂ ಇರಲಿಲ್ಲ, ಸಾಹುಕಾರರೂ ಇರಲಿಲ್ಲ. ತಲೆಗೆ ಎಣ್ಣೆ ಹಚ್ಚಿ ಬಾಚಿ, ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದು ನಿಂತರು. ಟೀಚರು ಹಗ್ಗ ಸಡಿಲಿಸಿದಂತೆ ಬಾವುಟ ನಿಧಾನವಾಗಿ ಇಳಿಯಿತು. ದೊಡ್ಡ ಹುಡುಗಿಯರಿಬ್ಬರು ನೆಲಕ್ಕೆ ತಾಗದಂತೆ ಹಿಡಿದು ಮಡಿಸಿದರು. ಮತ್ತೆ ಹಾಜರಿಯಾಯಿತು. ಕೊನೆಯಲ್ಲಿ ಎಲ್ಲರ ನಡುವೆ ಟೀಚರು ಡಬ್ಬಿ ಹಿಡಿದು ನಿಂತರು. ನಾನು ಕಾರ್ಡು ಇದೆಯೆಂದು ಮೂರು ಸಲ ನೋಡಿಕೊಂಡು ಫೋಟೊ ತೆಗೆದೆ. ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯದನ್ನು ಮತ್ತೆ ತೆಗೆದಿಲ್ಲ.

ನನ್ನ ತಪ್ಪನ್ನು ಟೀಚರು ಯಾರ ಮುಂದೆಯೂ ಆಡಲಿಲ್ಲ, ನನ್ನ ಮುಂದೆ ಕೂಡ. ಬೇರೆ ಯಾರಾಗಿದ್ದರೂ ಅವತ್ತಿಗೆ ನನ್ನ ಸ್ಟುಡಿಯೊದ ಮಾನ ಹೋಗುತ್ತಿತ್ತು.

ಎರಡು ವರ್ಷ ಕಳೆದು ಶಿರಂಗಾಲಕ್ಕೆ ಅವರನ್ನು ನೋಡಲು ಹೋದೆ. ಈಗ ಮಲಗಿದ್ದವರು ಅವರು. ಎತ್ತರದ ಆಳು ಮಂಚದಲ್ಲಿ ಇಷ್ಟೇ ಇಷ್ಟು ಕಾಣುತ್ತಿದ್ದರು. ಎದುರಿನ ಗೋಡೆಯಲ್ಲಿ ಆ ಫೋಟೊ. ಹತ್ತಿರ ಹೋಗಿ ನೋಡಿದರೆ ಬಲಗಡೆಯ ಮೇಲಿನ ಮೂಲೆಯಲ್ಲಿ, ಹಳೆಯ ಕಾಲದ ಗ್ರೂಪ್ ಫೋಟೊಗಳಲ್ಲಿ ಅವತ್ತು ಬಾರದವರನ್ನು ಅಂಟಿಸುತ್ತಿದ್ದಂತೆ, ನನ್ನ ಪಾಸ್‌ಪೋರ್ಟ್ ಸೈಜಿನ ಮುಖ. ಸೆರಗಿನ ಗಂಟಿನಲ್ಲಿ ಬಂದದ್ದರಲ್ಲಿ ಒಂದನ್ನು ಇಟ್ಟುಕೊಂಡಿದ್ದರು.

"ಎಲ್ರನ್ನೂ ತೆಗ್ದೋಳು ನೀನೇ ಇರ್ಲಿಲ್ವಲ್ಲ. ಅದುಕ್ಕೆ ಹಾಜರಿ ಹಾಕ್ಬುಟ್ಟೆ," ಅಂದರು.

ಅದೇ ಕೊನೆಯ ಭೇಟಿ. ಅವರು ಹೋದ ಮೇಲೆ ಅವರ ಸೊಸೆ ಆ ಫೋಟೊವನ್ನು ನನಗೆ ಕೊಟ್ಟರು. ಈಗ ಸ್ಟುಡಿಯೊದಲ್ಲಿ ನನ್ನ ಮೇಜಿನ ಮೇಲ್ಗಡೆ ಇದೆ. ಬಂದವರು ಮೂಲೆಯ ಮುಖ ತೋರಿಸಿ, "ಇದ್ಯಾರು, ಅವತ್ತು ಬಂದಿರ್ಲಿಲ್ವಾ?" ಅಂತ ಕೇಳುತ್ತಾರೆ.

"ನಾನೇ," ಅನ್ನುತ್ತೇನೆ. "ಜ್ವರ ಇತ್ತು. ಆದ್ರೂ ಹಾಜರಿದ್ದೆ, ನಮ್ಮ ಟೀಚರ್ ಬರ್ಕೊಂಡಿದಾರೆ."